ನೀಲಿ ಶಾಯಿಯಲ್ಲಿ ತುಂಬಿದ ಸಂಶಯ

ಕಳವಿನ ಪುಸ್ತಕದಲ್ಲಿ ‘ಸಂಶಯ ಯಾರ ಮೇಲೆ’ ಎಂಬ ಕಾಲಮು ಖಾಲಿ ಇದ್ದರೆ ನನಗೆ ಮೈ ಉರಿಯುತ್ತಿತ್ತು. ಎತ್ತು ಹೋಗಿದೆ, ಬಾವಿಯ ಹಗ್ಗ ಹೋಗಿದೆ, ಕಣದಲ್ಲಿದ್ದ ಜೋಳದ ಚೀಲ ಹೋಗಿದೆ. ಹೋದ ದಿನ ಬರೆದಿದ್ದಾರೆ, ಕಳಕೊಂಡವನ ಅಪ್ಪನ ಹೆಸರೂ ಬರೆದಿದ್ದಾರೆ. ಆದರೆ ಸಂಶಯದ ಕಾಲಮಿಗೆ ಬಂದ ಕೂಡಲೇ ಪುಸ್ತಕ ಬರೆಯುವ ಊರ ಪೊಲೀಸ್ ಗೌಡನ ಕೈ ನಿಂತುಬಿಟ್ಟಿದೆ. ಆಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಅಕ್ಷರ ಚೆಂದ, ಲೆಕ್ಕ ಚೊಕ್ಕ ಎಂದು ಕಚೇರಿಯಲ್ಲಿ ಹೆಸರಾಗಿತ್ತು. ಆ ಹೆಸರು ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡನೆಯ ಮಹಾಯುದ್ಧಕ್ಕೆ ಮೂರು ವರ್ಷ ಮೊದಲಿನ ಮಾತು. ಮೂರು ತಾಲೂಕುಗಳನ್ನು ನೋಡಿಕೊಳ್ಳುವ ನಮ್ಮ ಸರಕಾರಿ ಕಚೇರಿಗೆ ಹೊಸ ಸಾಹೇಬರು ಬಂದರು. ನಮ್ಮ ಸೀಮೆಯವರೇ, ಪುಣೆಯಲ್ಲಿ ಓದಿದವರು. ಹಿಂದಿನ ಸಾಹೇಬರು ಠಾಣೆಯ ಫೌಜದಾರ ಹೇಳಿದ್ದನ್ನು ಕೇಳಿ, ಚಹಾ ಕುಡಿದು, ಪೊಲೀಸರನ್ನು ಯಾವ ಊರಿಗೆ ಹಾಕಬೇಕೆಂದು ಅಲ್ಲಿಯೇ ತೀರ್ಮಾನಿಸಿಬಿಡುತ್ತಿದ್ದರು. ಇವರು ಹಾಗಲ್ಲ. ಬಂದ ವಾರದಲ್ಲೇ ಕಾರಕೂನನಾದ ನನ್ನನ್ನು ಕರೆದು ಕುರ್ಚಿಯ ಮೇಲೆ ಕೂಡಿಸಿದರು.

“ರಾಯರ, ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು, ಮೂರೂ ಕಡೆ ಕಳವು ಹೆಚ್ಚಾಗೇತಿ ಅಂತ ಎಲ್ಲಾರೂ ಅಂತಾರ. ಯಾವ ಊರಾಗ, ಯಾವ ತಿಂಗಳದಾಗ, ಏನು ಹೋಗ್ತೈತಿ, ಯಾರು ಒಯ್ತಾರ ಅಂತ ಕೇಳಿದ್ರ ಒಬ್ಬನ ಕಡೆನೂ ಉತ್ತರ ಇಲ್ಲ. ನನಗ ಊಹೆ ಬ್ಯಾಡ. ಅಂಕಿ ಬೇಕು. ಅಂಕಿ ಏನ ಹೇಳ್ತಾವೋ ಹಂಗ ಬಂದೋಬಸ್ತ ಮಾಡೂನು.”

“ಸವಣೂರು ಬಿಟ್ರ ಅಂಕಿ ಪೂರಾ ಆಗೂದಿಲ್ರಿ ಸಾಹೇಬ್ರ,” ಎಂದೆ. ಸವಣೂರು ಆಗ ನವಾಬರ ಸಂಸ್ಥಾನ. ನಮ್ಮ ತಾಲೂಕುಗಳ ನಡುವೆಯೇ ಇದ್ದರೂ ಬೇರೆ ಸರಕಾರ. ಈ ಕಡೆ ಹೋದ ಎತ್ತು ಆ ಕಡೆ ಸಿಗುವುದು ರೂಢಿಯಾಗಿತ್ತು. ಸಾಹೇಬರಿಗೆ ನನ್ನ ಮಾತು ಹಿಡಿಸಿತು. ಸವಣೂರಿನ ಪುಸ್ತಕಗಳನ್ನು ನೋಡಲು ಪತ್ರ ಬರೆದು ಪರವಾನಗಿ ತರಿಸಿಕೊಟ್ಟರು.

ಕೆಲಸದ ರೀತಿಯನ್ನು ನಾನೇ ಗೊತ್ತುಮಾಡಿದೆ. ಒಂದು ಕಳವಿಗೆ ಒಂದು ಚೀಟಿ. ರದ್ದಿ ಕಾಗದವನ್ನು ಅಂಗೈಯಗಲ ಕತ್ತರಿಸಿ, ಊರು, ತಿಂಗಳು, ಹೋದ ಮಾಲು, ಸಂಶಯ ಯಾರ ಮೇಲೆ, ಕೊನೆಗೆ ಏನಾಯಿತು ಎಂದು ಐದು ಸಾಲು ಬರೆಯುವುದು. ಸಂತೆಯ ದಿನ ಸುತ್ತಲಿನ ಊರುಗಳ ಪೊಲೀಸ್ ಗೌಡರು ತಮ್ಮ ಚಾವಡಿಯ ಪುಸ್ತಕ ಹಿಡಿದು ಬರಬೇಕು. ಅಕ್ಕಿಆಲೂರಿನಲ್ಲಿ ಹೀಗೆ ನಾಲ್ಕು ಸಂತೆ ಕೂತೆ. ಗೌಡರು ಪುಸ್ತಕವನ್ನು ನನ್ನ ಮುಂದಿಟ್ಟು ಸಂತೆ ಮಾಡಲು ಹೋಗುವರು. ನಾನು ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚದೆ ಬರೆಯುತ್ತಿದ್ದೆ. ಅದೊಂದು ಹುಚ್ಚು. ಹೀಗೆ ಲೆಕ್ಕ ಹಾಕಿ ನ್ಯಾಯದ ದಾರಿ ಹುಡುಕುವ ಕೆಲಸ ನಮ್ಮ ಕಡೆ ಯಾರೂ ಮಾಡಿರಲಿಲ್ಲ, ನಾನೇ ಮೊದಲಿಗ ಎಂಬ ಬಿಂಕ.

ಚೀಟಿಗಳನ್ನು ಹಾನಗಲ್ಲಿನ ಪ್ರವಾಸಿ ಬಂಗಲೆಯಲ್ಲಿ ಜಮಖಾನೆಯ ಮೇಲೆ ಗುಡ್ಡೆ ಮಾಡಿ, ಒಂದೊಂದು ಗುಡ್ಡೆಯ ಮೇಲೆ ಒಂದೊಂದು ಕಲ್ಲು ಇಡುತ್ತಿದ್ದೆ. ಅಲ್ಲಿಯೇ ಮೊದಲ ತೊಡಕು ಬಂತು. ಎಡಗಿವಿ ಹರಿದ ಒಂದು ಎತ್ತು ಶಿಗ್ಗಾಂವಿಯ ಗುಡ್ಡೆಯಲ್ಲೂ ಇತ್ತು, ಸವಣೂರಿನ ಗುಡ್ಡೆಯಲ್ಲೂ ಇತ್ತು. ಒಂದು ಕಡೆ ಕಳಕೊಂಡವನು ಬರೆಸಿದ್ದ, ಇನ್ನೊಂದು ಕಡೆ ಸಿಕ್ಕವನು ಬರೆಸಿದ್ದ. ಒಂದೇ ಕಳವು ಎರಡಾಗಿತ್ತು. ಅಂದಿನಿಂದ ಕಿವಿ, ಕೋಡು, ಬಣ್ಣ, ಸುಳಿ ಎಲ್ಲವನ್ನೂ ತಾಳೆ ನೋಡಿ, ಎರಡು ಸಲ ಬಂದ ಚೀಟಿಗಳನ್ನೆಲ್ಲ ಹೆಕ್ಕಿ ತೆಗೆದೆ. ಅದಕ್ಕೇ ಎರಡು ವಾರ ಹಿಡಿಯಿತು. ಸಾಹೇಬರು ಬೆನ್ನು ತಟ್ಟಿದರು. ಎತ್ತಿನ ಕಿವಿ ನೋಡಿ ತಪ್ಪು ಹಿಡಿದವನಿಗೆ ತನ್ನ ತಪ್ಪು ಮೂಗಿನ ಕೆಳಗಿದ್ದರೂ ಕಾಣಲಿಲ್ಲ.

ಎರಡನೆಯ ತೊಡಕು ಖಾಲಿ ಕಾಲಮು. ಅರ್ಧಕ್ಕರ್ಧ ಚೀಟಿಗಳಲ್ಲಿ ಸಂಶಯವೇ ಇಲ್ಲ. ಯಾರು ಕದಿಯುತ್ತಾರೆಂದು ತಿಳಿಯದೆ ಬಂದೋಬಸ್ತು ಹೇಗೆ? ನಾನು ಒಂದು ಹುಕುಂ ಬರೆದೆ. ‘ಸಂಶಯದ ಕಾಲಮು ಖಾಲಿ ಇರತಕ್ಕದ್ದಲ್ಲ. ಹಿಂದೆ ಖಾಲಿ ಬಿಟ್ಟಿದ್ದನ್ನು ಒಂದು ತಿಂಗಳೊಳಗೆ ಭರ್ತಿ ಮಾಡಿ ಠಾಣೆಯ ಮೂಲಕ ತಿಳಿಸಬೇಕು. ತಪ್ಪಿದ ಗೌಡನ ದಫ್ತರದಲ್ಲಿ ಶೆರಾ ಬರೆಯಲಾಗುವುದು.’ ಶೆರಾ ಎಂದರೆ ಮೇಲಿನವರ ಟೀಕೆ. ಗೌಡರಿಗೆ ಹಾವಿಗಿಂತ ಅದರ ಹೆದರಿಕೆ ಹೆಚ್ಚು. ಸಾಹೇಬರು ಉಳಿದ ಕಾಗದಗಳ ಜೊತೆ ಅದಕ್ಕೂ ಸಹಿ ಹಾಕಿದರು. ಮಸಿ ಇರಲಿಲ್ಲವೆಂದು ಯಾರೂ ನೆಪ ಹೇಳಬಾರದೆಂದು ಹುಕುಮಿನ ಜೊತೆ ಪ್ರತಿ ಊರಿಗೂ ಕಚೇರಿಯ ನೀಲಿ ಶಾಯಿಯ ಪುಡಿಯ ಪೊಟ್ಟಣ ಕಳಿಸಿದೆ.

ತಿಂಗಳು ತುಂಬುವ ಮೊದಲೇ ಠಾಣೆಗಳಿಂದ ಪಟ್ಟಿಗಳು ಬಂದವು. ಪುಸ್ತಕಗಳನ್ನು ಮತ್ತೆ ತರಿಸಿ ನೋಡುವ ಗೋಜಿಗೆ ಹೋಗದೆ, ಪಟ್ಟಿ ನೋಡಿಕೊಂಡೇ ಚೀಟಿಗಳ ಖಾಲಿ ಸಾಲು ತುಂಬಿದೆ. ತುಂಬುತ್ತ ಹೋದಂತೆ ಒಂದು ಗುಡ್ಡೆ ಉಳಿದ ಗುಡ್ಡೆಗಳನ್ನು ಮೀರಿ ಬೆಳೆಯಿತು. ಅದು ಕಲ್ಲು ಕುಟ್ಟುವ ಬಿಡಾರದವರ ಗುಡ್ಡೆ.

ಬೀಸುಕಲ್ಲು ಬೀಸಿ ಬೀಸಿ ನುಣ್ಣಗಾದರೆ ಜೋಳ ಒಡೆಯುವುದಿಲ್ಲ. ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಬೇಕು. ಆ ಕೆಲಸ ಮಾಡುವ ಹತ್ತಾರು ಮನೆಗಳ ಒಂದು ಬಿಡಾರವಿತ್ತು. ಕತ್ತೆಗಳ ಮೇಲೆ ಗುಡಾರ ಹೇರಿಕೊಂಡು ವರ್ಷಕ್ಕೊಮ್ಮೆ ಪ್ರತಿ ಊರಿಗೂ ಬಂದು, ಊರ ಹೊರಗೆ ನಾಲ್ಕು ದಿನ ಇದ್ದು ಹೋಗುವ ಜನ. ನಮ್ಮ ಮನೆಯ ಕಲ್ಲನ್ನೂ ಅವರೇ ಕುಟ್ಟುತ್ತಿದ್ದರು. ಹಾನಗಲ್ಲಿನ ಗೌಡರು ಹೇಳಿದ್ದನ್ನು ಹಿರೇಕೆರೂರಿನವರು ಒಪ್ಪುವುದಿಲ್ಲ, ಶಿಗ್ಗಾಂವಿಯವರು ಹೇಳಿದ್ದನ್ನು ಯಾರೂ ಒಪ್ಪುವುದಿಲ್ಲ. ಅಂಥವರೆಲ್ಲ ಒಂದೇ ಹೆಸರು ಬರೆದಿದ್ದಾರೆಂದರೆ ಅದು ಖರೆ ಇರಲೇಬೇಕು ಎಂದುಕೊಂಡೆ. ಸವಣೂರಿನ ಗುಡ್ಡೆಯಲ್ಲಿ ಮಾತ್ರ ಅವರ ಹೆಸರಿನ ಒಂದು ಚೀಟಿಯೂ ಇರಲಿಲ್ಲ. ಅದಕ್ಕೂ ನನ್ನ ಹತ್ತಿರ ಉತ್ತರ ತಯಾರಿತ್ತು. ಈ ಕಡೆ ಕದ್ದು ಆ ಕಡೆ ತಣ್ಣಗಿರುತ್ತಾರೆ ಎಂದು ವರದಿಯಲ್ಲಿ ಬರೆದೆ.

ಸಾಹೇಬರು ವರದಿಯನ್ನು ಎರಡು ಸಲ ಓದಿದರು. “ನಿಮ್ಮ ಅಂಕಿ ಮ್ಯಾಲ ಭರವಸಾ ಇಟ್ಟು ಮ್ಯಾಲಕ್ಕ ಕಳಸ್ತೇನಿ, ರಾಯರ. ತಪ್ಪಿಲ್ಲ ಹೌದಲ್ರೀ?” ಎಂದು ಕೇಳಿದರು. “ಒಂದೂ ತಪ್ಪಿಲ್ರೀ,” ಎಂದೆ.

ಆಗ ಹಾಜರಿಯ ಕಾಯಿದೆ ಇತ್ತು. ಯಾವುದಾದರೂ ಜನ ಕಳವಿನ ಜನವೆಂದು ಸರಕಾರ ಗುರುತಿಸಿದರೆ, ಅವರು ಒಂದೇ ಊರಲ್ಲಿ ಇರಬೇಕು, ಬೆಳಗ್ಗೆ ಸಂಜೆ ಚಾವಡಿಗೆ ಬಂದು ಹೆಬ್ಬೆಟ್ಟು ಒತ್ತಬೇಕು, ಗೌಡರು ಕೊಟ್ಟ ಪರವಾನಗಿ ಚೀಟಿ ಇಲ್ಲದೆ ಊರ ಗಡಿ ದಾಟಬಾರದು. ಮುಂದಿನ ಬೇಸಿಗೆಯ ಹೊತ್ತಿಗೆ ಬಿಡಾರದವರನ್ನು ಹಿರೇಕೆರೂರು ಕಡೆಯ ಹಂಸಭಾವಿಯಲ್ಲಿ ನೆಲೆಗೊಳಿಸಿ ಹಾಜರಿಗೆ ಹಚ್ಚಿದರು. ನಾನು ಆ ದಿನ ಕಚೇರಿಯಲ್ಲಿ ಪೇಢೆ ಹಂಚಿದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಒಂದು ವರ್ಷ ಕಳೆದ ಮೇಲೆ ಬಂದೋಬಸ್ತಿನ ಫಲ ತೋರಿಸುವ ಎರಡನೆಯ ಪಟ್ಟಿ ಮಾಡಲು ಸಾಹೇಬರು ಹೇಳಿದರು. ಅದಕ್ಕಾಗಿ ಹಂಸಭಾವಿಗೆ ಹೋದೆ. ಬೆಳಗಿನ ಹಾಜರಿ ನಡೆದಿತ್ತು. ಚಾವಡಿಯ ಕಟ್ಟೆಯ ಕೆಳಗೆ ಬಿಡಾರದವರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹೆಸರು ಕರೆದಾಗ ಎದ್ದು ಬಂದು ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಬಿಡಾರದ ಯಜಮಾನನ ಹೆಸರು ಬಂದಾಗ ಅವನ ಹೆಂಡತಿ ಎದ್ದು ನಿಂತಳು. ನಡುವಯಸ್ಸಿನ ಗಟ್ಟಿ ಹೆಂಗಸು. ಉಳಿ ಹಿಡಿದು ಅವಳ ಬೆರಳ ಗಂಟುಗಳು ದಪ್ಪಗಾಗಿದ್ದವು.

“ಯಜಮಾನ ಎಲ್ಲಿ?” ಎಂದು ಕೇಳಿದೆ.

“ಜೇಲಿನಾಗ ಅದಾನ್ರಿ ಯಪ್ಪಾ. ಮಗಳದು ಹೆರಿಗಿ ಇತ್ರಿ, ಅಕ್ಕಿಆಲೂರ ಹಂತ್ಯಾಕ ಗಂಡನ ಮನ್ಯಾಗ. ಕೂಸು ಅಡ್ಡಾಗೇತಿ ಅಂತ ಸುದ್ದಿ ಬಂತು. ಚೀಟಿ ಕೇಳಾಕ ಬಂದ್ರ ಗೌಡ್ರು ಊರಾಗಿರಲಿಲ್ಲ, ಬೀಗರ ಮದುವಿಗೆ ಹೋಗಿದ್ರು. ಎರಡು ದಿನ ಕಾದ. ಮೂರನೇ ದಿನ ತಡಿಯಲಾರದ ಎದ್ದು ಹೋದ. ದಾರ್ಯಾಗ ಹಿಡದ್ರು. ಮೂರು ತಿಂಗಳ ಹಾಕ್ಯಾರ.”

“ಮಗಳು?”

“ಮಗಳು ಉಳದಾಳ್ರಿ. ಕೂಸು ಉಳೀಲಿಲ್ಲ.” ಅವಳು ಊರಿನ ಮನೆಗಳತ್ತ ಕೈ ತೋರಿಸಿದಳು. “ಈ ಊರಾಗಿನ ಕಲ್ಲೆಲ್ಲಾ ಕುಟ್ಟಿ ಮುಗದ್ವರಿ. ಒಮ್ಮೆ ಕುಟ್ಟಿದ್ರ ವರ್ಷಗಟ್ಟಲೆ ನಮ್ಮನ್ನ ಯಾರೂ ಕರಿಯೂದಿಲ್ಲ. ಬ್ಯಾರೆ ಊರಿಗೆ ಬಿಡೂದಿಲ್ಲ. ಗುಡಾರ ಹೊರೂ ಕತ್ತಿನೂ ಮಾರಿ ತಿಂದ್ವಿ. ಇನ್ನ ಏನ ತಿನ್ನೂದರಿ?”

ಕೆಲಸವಿದೆ ಎಂಬಂತೆ ಚಾವಡಿಯೊಳಗೆ ಹೋಗಿ ಗೌಡರ ಪುಸ್ತಕ ತೆರೆದೆ. ಆ ವರ್ಷದ ಪುಟದಲ್ಲಿ ಬಿಡಾರದವರ ಹೆಸರಿನ ಅಪರಾಧಗಳು ಸಾಲಾಗಿ ಇದ್ದವು. ಓದಿದರೆ ಎಲ್ಲವೂ ಒಂದೇ: ಹಾಜರಿ ತಪ್ಪಿಸಿದ್ದು, ಚೀಟಿ ಇಲ್ಲದೆ ಗಡಿ ದಾಟಿದ್ದು. ಅವರನ್ನು ಕಟ್ಟಿಹಾಕಿದ ಕಾಯಿದೆಯೇ ಅವರಿಗೆ ಹೊಸ ಅಪರಾಧ ಹುಟ್ಟಿಸಿತ್ತು. ಉಳಿದಂತೆ ಊರಿನ ಕಳವುಗಳು ಮೊದಲು ಎಷ್ಟಿದ್ದವೋ ಅಷ್ಟೇ ಇದ್ದವು. ಹಿಂದಿನ ವರ್ಷಗಳ ಪುಟ ತಿರುವಿದೆ. ಗೌಡರ ಮನೆಯ ಕಪ್ಪು ಮಸಿಯಲ್ಲಿ ಬರೆದ ಸಾಲುಗಳು. ಸಂಶಯದ ಕಾಲಮಿನಲ್ಲಿ ಮಾತ್ರ ಮೇಲಿನಿಂದ ಕೆಳಗಿನವರೆಗೆ ನೀಲಿ ಶಾಯಿ.

“ಗೌಡ್ರ, ಈ ಕಾಲಮಿನಾಗ ಅಷ್ಟ ನೀಲಿ ಶಾಯಿ ಯಾಕೈತ್ರಿ?”

“ನೀವ ಕಳಿಸಿದ ಶಾಯಿ ಅಲ್ರೀ ರಾಯರ! ಖಾಲಿ ಬಿಡಬ್ಯಾಡ್ರಿ ಅಂತ ಹುಕುಂ ಬಂತು, ಜೋಡಿಗೆ ಪುಡಿನೂ ಬಂತು. ತುಂಬಿದ್ವಿ.”

“ಇವರ ಮ್ಯಾಲ ಖರೇನ ಸಂಶಯ ಇತ್ತೇನ್ರಿ ನಿಮಗ?”

ಗೌಡರು ನಕ್ಕುಬಿಟ್ಟರು. “ಸಂಶಯ ಎಲ್ಲೀದ್ರಿ? ಊರಾನವರ ಹೆಸರು ಬರದ್ರ ನಾಳೆ ನಾ ಈ ಊರಾಗ ಬಾಳ್ವೆ ಮಾಡೂದು ಬ್ಯಾಡೇನ್ರಿ? ಇವರಾದ್ರ ನಾಕು ದಿನ ಇದ್ದು ಹೋಗವರು. ಹೋದವರ ಹೆಸರು ಬರದ್ರ ಯಾರಿಗೇನು ತ್ರಾಸು ಅಂತ ಬರದ್ವಿ. ಎಲ್ಲಾ ಊರಾಗೂ ಹಂಗ ಮಾಡ್ಯಾರ. ಹೋದವರನ್ನ ತಂದು ನಮ್ಮ ಊರಾಗ ಕಟ್ಟಿ ಹಾಕ್ತೀರಿ ಅಂತ ನಮಗೇನ ಗೊತ್ತಿತ್ರೀ?”

ಹೊರಗೆ ಹಾಜರಿ ಮುಗಿದಿತ್ತು. ಯಜಮಾನನ ಹೆಂಡತಿ ಇನ್ನೂ ಕಟ್ಟೆಯ ಹತ್ತಿರ ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸುಮ್ಮನೆ ರಸ್ತೆ ನೋಡುತ್ತಿದ್ದಳು. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಹಿಂಬಾಗಿಲಿನಿಂದ ಇಳಿದು ಬಂಡಿ ಹತ್ತಿದೆ.

ಆ ದಿನವೇ ಸಾಹೇಬರ ಮುಂದೆ ನಿಂತು ಎಲ್ಲ ಹೇಳಬೇಕಿತ್ತು. ಹೇಳಲಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಆ ಕಾಗದ ಸಾಹೇಬರ ಮೇಜಿನ ಮೇಲಿತ್ತು. ಒಂದು ಟಿಪ್ಪಣಿ ಬರೆದೆ. ‘ಸಂಶಯದ ಕಾಲಮಿನ ಕೆಲವು ನಮೂದುಗಳು ತಡವಾಗಿ ಭರ್ತಿಯಾದಂತೆ ಕಾಣುತ್ತದೆ.’ ಯಾರು ಭರ್ತಿ ಮಾಡಿಸಿದರು, ಯಾಕೆ ಮಾಡಿಸಿದರು, ಒಂದೂ ಅದರಲ್ಲಿಲ್ಲ. ಮಾಡಿದವನೇ ಕಾಣದ ಹಾಗೆ ವಾಕ್ಯ ಕಟ್ಟುವುದರಲ್ಲಿ ನಾವು ಕಾರಕೂನರು ಪಂಡಿತರು. ಫಲ ಏನಾಯಿತೆಂದರೆ, ತಡ ಮಾಡಿದ್ದಕ್ಕೆ ಗೌಡರಿಗೆ ಶೆರಾ ಹೋಯಿತು. ಹಾಜರಿ ಹಾಗೆಯೇ ಉಳಿಯಿತು. “ಹಳೇ ಸಂಶಯ ಒಂದೆರಡು ತಪ್ಪಿದ್ರೂ, ಈ ವರ್ಷದ ಶಿಕ್ಷಾ ಖರೇ ಅದಾವಲ್ಲ, ರಾಯರ,” ಎಂದರು ಸಾಹೇಬರು. ಆ ಶಿಕ್ಷೆಗಳು ಯಾತಕ್ಕೆ ಆದವೆಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಮಳೆಗಾಲ ಕಳೆಯಿತು. ದೀಪಾವಳಿಗೆ ಮುಂಚೆ ನನ್ನನ್ನು ಕಾಯಂ ಮಾಡಿದರು. ಅದೇ ತಿಂಗಳು ಜೇಲಿನಿಂದ ಬಿಡುಗಡೆಯಾಗುವವರ ಕಾಗದಗಳು ನನ್ನ ಕೈಗೆ ಬಂದವು. ಅದರಲ್ಲಿ ಯಜಮಾನನ ಹೆಸರಿತ್ತು. ಮೊದಲ ಶಿಕ್ಷೆ ಮುಗಿಸಿ ಬಂದವನು, ಮನೆಯಲ್ಲಿ ಕಾಳಿಲ್ಲವೆಂದು ಮಗ್ಗುಲ ಊರಿಗೆ ಕಲ್ಲು ಕುಟ್ಟಲು ಹೋಗಿ ಮತ್ತೆ ಸಿಕ್ಕಿಬಿದ್ದಿದ್ದ. ಅದು ನಾನು ಟಿಪ್ಪಣಿ ಬರೆದು ಸುಮ್ಮನೆ ಕೂತಿದ್ದ ತಿಂಗಳುಗಳಲ್ಲೇ ಆದದ್ದು. ಮೊದಲ ಶಿಕ್ಷೆಯ ಕಾಗದದಲ್ಲಿ ಅವನ ಗುರುತು ‘ಹಣೆಯ ಮೇಲೆ ಹಳೆಯ ಗಾಯ’ ಎಂದಿತ್ತು. ಈ ಕಾಗದದಲ್ಲಿ ಅದರ ಮುಂದೆ ‘ಬಲಗಣ್ಣು ಇಲ್ಲ’ ಎಂದು ಸೇರಿತ್ತು. ವಿಚಾರಿಸಿದೆ. ರಸ್ತೆಗೆ ಹಾಸುವ ಖಡಿಕಲ್ಲು ಒಡೆಯುವ ಕೆಲಸಕ್ಕೆ ಹಚ್ಚಿದ್ದರು, ಪಕ್ಕದವನ ಕಲ್ಲಿನ ಚೂರು ಸಿಡಿದು ಬಡಿದಿತ್ತು. ಹುಟ್ಟಿದಾಗಿನಿಂದ ಕಲ್ಲು ಕುಟ್ಟಿದವನು. ತನ್ನ ಉಳಿಯ ಚೂರು ಎತ್ತ ಹಾರುತ್ತದೆಂದು ಅವನಿಗೆ ಗೊತ್ತಿತ್ತು, ಇನ್ನೊಬ್ಬನ ಸುತ್ತಿಗೆಯದು ಗೊತ್ತಾಗಿರಲಿಕ್ಕಿಲ್ಲ.

ಮರುದಿನ ಸಾಹೇಬರ ಮುಕ್ಕಾಮು ಶಿಗ್ಗಾಂವಿಯಲ್ಲಿತ್ತು. ಚೀಟಿಗಳ ಗಂಟು, ಮೂರು ತಾಲೂಕುಗಳ ಕೆಲವು ಊರುಗಳ ಪುಸ್ತಕ, ನನ್ನ ಹುಕುಮಿನ ಪ್ರತಿ, ಎಲ್ಲ ಹೊತ್ತುಕೊಂಡು ಹೋದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಂಗಲೆಯ ಪಡಸಾಲೆಯ ನೆಲದ ಮೇಲೆ ಬಿಡಾರದವರ ಗುಡ್ಡೆಯನ್ನು ಇಟ್ಟೆ.

“ಸಾಹೇಬ್ರ, ಪುಸ್ತಕದಾಗ ಸಂಶಯ ನೀಲಿ ಶಾಯಿಲೆ ತುಂಬಿದ್ದ ಚೀಟಿ ಮೊದಲ ತಗೀತೇನ್ರಿ,” ಎಂದು, ಪುಸ್ತಕಗಳಿಗೆ ತಾಳೆ ಹಾಕಿ ತೋರಿಸುತ್ತ ಒಂದೊಂದೇ ತೆಗೆದೆ. ಗುಡ್ಡೆ ಕುಸಿಯಿತು. ಎರಡನೆಯ ಪಟ್ಟಿಗೆಂದು ಬರೆದಿದ್ದ, ಹಾಜರಿ ತಪ್ಪಿಸಿದ ಚೀಟಿಗಳನ್ನೂ ತೆಗೆದೆ. ಉಳಿದದ್ದು ಒಂದೇ, ಹಾನಗಲ್ಲ ಕಡೆಯ ಒಂದು ತಾಮ್ರದ ಕೊಡದ್ದು. ಅದೂ ಆಮೇಲೆ ಅದೇ ಮನೆಯ ಬಾವಿಯಲ್ಲಿ ಸಿಕ್ಕಿತೆಂದು ಐದನೆಯ ಸಾಲಿನಲ್ಲಿ ನಾನೇ ಬರೆದಿದ್ದೆ. ಬಳಿಕ ಸವಣೂರಿನ ಗುಡ್ಡೆ ಇಟ್ಟೆ. ಅದೇ ಬಿಡಾರ ಅಲ್ಲಿಯೂ ಊರೂರು ತಿರುಗಿ ಅಷ್ಟೇ ದಿನ ಇರುತ್ತಿತ್ತು. ಅಲ್ಲಿ ಒಬ್ಬನೂ ಅವರ ಹೆಸರು ಬರೆದಿರಲಿಲ್ಲ. ಸಂಸ್ಥಾನದಲ್ಲಿ ನಮ್ಮ ಹುಕುಂ ನಡೆಯುತ್ತಿರಲಿಲ್ಲ, ಹಾಗಾಗಿ ಖಾಲಿ ಕಾಲಮು ಖಾಲಿಯೇ ಉಳಿದಿತ್ತು.

ಸಾಹೇಬರು ಆ ಒಂದು ಚೀಟಿಯ ಐದೂ ಸಾಲು ಓದಿ ಕೆಳಗಿಟ್ಟರು. ಆಮೇಲೆ ಹುಕುಮಿನ ಪ್ರತಿ ಎತ್ತಿ ನೋಡಿದರು.

“ಇದಕ್ಕ ಸಹಿ ನಂದೈತಿ.”

“ಒಕ್ಕಣಿ ನಂದರಿ.”

“ಇದು ನಿಮಗ ಯಾವಾಗ ಗೊತ್ತಾತು?”

ಸುಳ್ಳು ಹೇಳಲು ಅದು ಕೊನೆಯ ಅವಕಾಶವಾಗಿತ್ತು. “ಹಂಸಭಾವಿಗೆ ಹೋದಾಗರಿ. ಮಳಿಗಾಲಕ್ಕ ಮೊದಲ.”

ಅವರು ನನ್ನನ್ನು ಬೈಯಲಿಲ್ಲ. “ಹೋಗ್ರಿ ರಾಯರ, ಎಲ್ಲಾ ಬರದು ತರ್ರಿ. ನಿಮ್ಮ ತಪ್ಪೂ ಬರೀರಿ, ನಂದೂ ಬರೀರಿ,” ಎಂದು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದರು. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತೇನೋ.

ಬರೆದೆ. ಮೇಲಿನವರು ಪ್ರಶ್ನೆ ಕೇಳಿದರು, ಉತ್ತರ ಕಳಿಸಿದೆ. ಮತ್ತೆ ಕೇಳಿದರು, ಮತ್ತೆ ಕಳಿಸಿದೆ. ಹಾಜರಿ ಹಾಕಲು ಒಂದು ವರದಿ ಸಾಕಾಗಿತ್ತು, ತೆಗೆಯಲು ಒಂದು ಕಟ್ಟು ಕಾಗದ ಬೇಕಾಯಿತು. ನಡುವೆ ಯುದ್ಧ ಶುರುವಾಯಿತು. ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು, ನನಗೂ ಒಂದು ಕೆಂಪು ಶೆರಾ ಬಿತ್ತು. ಅಂತೂ ಬಿಡಾರದವರ ಹಾಜರಿ ರದ್ದಾದ ಕಾಗದ ಬಂದಾಗ, ಹಂಸಭಾವಿಯ ಚಾವಡಿಯಲ್ಲಿ ಅದನ್ನು ಓದಿ ಹೇಳಲು ನನ್ನನ್ನೇ ಕಳಿಸಿದರು. ಓದಿದೆ. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಕ್ಕಣ್ಣಿನ ಯಜಮಾನ ತಡವರಿಸುತ್ತ ಬಂದು ನನ್ನ ಕಾಲು ಮುಟ್ಟಿದ. ಗೌಡರು ದೊಡ್ಡ ದನಿಯಲ್ಲಿ, “ಇವರ ನೋಡ್ರೋ ನಿಮ್ಮ ಸಲುವಾಗಿ ಬಡಿದಾಡಿದವರು!” ಎಂದುಬಿಟ್ಟರು. ಗೌಡರು ಹಾಗೆ ಹೇಳಿದ್ದು ತಮ್ಮನ್ನು ಉಳಿಸಿಕೊಳ್ಳಲಿಕ್ಕೋ, ನನ್ನನ್ನು ಉಳಿಸಲಿಕ್ಕೋ ತಿಳಿಯದು. ನಾನು ಅಲ್ಲ ಎನ್ನಲಿಲ್ಲ.

ಅದಾದ ಮೇಲೆ ಅವರು ಮತ್ತೆ ಊರೂರು ತಿರುಗತೊಡಗಿದರು. ಕೆಲವು ಊರುಗಳಲ್ಲಿ ಬಿಡಾರ ಹಾಕಲು ಇನ್ನೂ ಬಿಡುವುದಿಲ್ಲ ಎಂದು ಕೇಳಿದೆ. ನಾನು ಹಾನಗಲ್ಲಿನಲ್ಲಿ ಮನೆ ಮಾಡಿದ್ದೆ. ಒಂದು ಬೆಳಗ್ಗೆ ಯಜಮಾನನ ಹೆಂಡತಿ ಉಳಿ ಸುತ್ತಿಗೆ ಹಿಡಿದು ಬಾಗಿಲಿಗೆ ಬಂದಳು. ಯಜಮಾನನಿಗೆ ಉಳಿದ ಕಣ್ಣೂ ಮಂಜಾಗಿತ್ತು, ಈಗ ಕುಟ್ಟುವುದೆಲ್ಲ ಅವಳೇ. ಅಂಗಳದಲ್ಲಿ ಕೂತು ನಮ್ಮ ಬೀಸುಕಲ್ಲನ್ನು ಮೂಲೆ ಮೂಲೆ ಬಿಡದೆ ಕುಟ್ಟಿದಳು. ನನ್ನ ಹೆಂಡತಿ ಮೊರದ ತುಂಬ ಜೋಳ ತಂದರೆ ಕೈ ಹಿಂದಕ್ಕೆ ತೆಗೆದಳು.

“ಈ ಮನ್ಯಾಗ ನಾ ತಗೊಳ್ಳೂದಿಲ್ರಿ ಯವ್ವಾ. ನಮ್ಮನ್ನ ಬಿಡಿಸಿದ ಮನಿ ಇದು. ನಾ ಇರೂತನಕ ಈ ಕಲ್ಲು ನಂದು.”

ನಾನು ಒಳಗೆ ನಿಂತು ಕೇಳುತ್ತಿದ್ದೆ. ಇಂದು ಹೇಳಲೇಬೇಕು, ನಿಮ್ಮನ್ನು ಕಟ್ಟಿಸಿದವನೂ ನಾನೇ ಎಂದು ಅಂದುಬಿಡಬೇಕು ಎಂದು ಹೊರಗೆ ಬಂದೆ. ಅವಳು ಕಲ್ಲಿನ ಪುಡಿ ಹತ್ತಿದ ಮುಖವನ್ನು ಸೆರಗಿನಿಂದ ಒರೆಸಿಕೊಂಡು ಎದ್ದು ನಿಂತಳು.

“ಕಲ್ಲು ಚಲೋ ಆತು, ತಂಗಿ,” ಎಂದೆ.

ಅವಳು ನಕ್ಕು ಕೈಮುಗಿದು ಹೋದಳು. ಈಗಲೂ ವರ್ಷಕ್ಕೊಮ್ಮೆ ಬರುತ್ತಾಳೆ, ಕುಟ್ಟಿ ಕೈಮುಗಿದು ಹೋಗುತ್ತಾಳೆ. ಇಷ್ಟನ್ನೆಲ್ಲ ಇಲ್ಲಿ ಬರೆಯುವ ಧೈರ್ಯ ನನಗೆ ಬಂದದ್ದು ಅವಳಿಗೆ ಓದಲು ಬರುವುದಿಲ್ಲ ಎಂದು ಗೊತ್ತಿರುವುದರಿಂದ.